ಕಾರ್ಮೆನೇರ್ ದ್ರಾಕ್ಷಿಯ ಅಜ್ಞಾತವಾಸ

ನವೆಂಬರ್ ಎಂದರೆ ನಮಗೆ ಚಳಿ ಕಾಲಿಡುವ ಹೊತ್ತು. ಭೂಮಧ್ಯರೇಖೆಯಿಂದ ಬಲುದೂರ ದಕ್ಷಿಣಕ್ಕಿರುವ ಚಿಲಿ ದೇಶದಲ್ಲಿ ಅದು ವಸಂತ; ದ್ರಾಕ್ಷಿ ಬಳ್ಳಿಗಳು ಹೂ ಬಿಡುವ ಕಾಲ. 1994ರ ನವೆಂಬರ್ 24ರಂದು ಅಲ್ಲಿನ ರಾಜಧಾನಿ ಸ್ಯಾಂಟಿಯಾಗೋ ಸಮೀಪದ ಮೈಪೋ ಕಣಿವೆಯಲ್ಲಿ ಫ್ರಾನ್ಸಿನ ಸಸ್ಯತಜ್ಞರೊಬ್ಬರು ದ್ರಾಕ್ಷಿ ತೋಟವೊಂದರ ಸಾಲುಗಳ ನಡುವೆ ನಡೆದು ಹೋಗುತ್ತಿದ್ದರು. ಝಾನ್ ಮಿಶೆಲ್ ಬೂರ್ಸಿಕೋ ಎಂದು ಅವರ ಹೆಸರು. ಸಮ್ಮೇಳನವೊಂದಕ್ಕೆಂದು ಚಿಲಿಗೆ ಬಂದಿದ್ದರು. ತೋಟದವರ ಲೆಕ್ಕದಲ್ಲಿ ಆ ಬಳ್ಳಿಗಳು 'ಮೆರ್ಲೋ' ಎಂಬ ಕೆಂಪು ವೈನಿನ ತಳಿಯವು. ಬೂರ್ಸಿಕೋ ಹೂಗೊಂಚಲೊಂದನ್ನು ಹತ್ತಿರದಿಂದ ನೋಡಿದರು. ದ್ರಾಕ್ಷಿಯ ಹೂವು ತೀರಾ ಚಿಕ್ಕದು, ದೂರದಿಂದ ಕಣ್ಣಿಗೇ ಬೀಳದು. ಆ ಪುಟ್ಟ ಹೂವಿನೊಳಗೆ ಕೇಸರಗಳು ನೆಟ್ಟಗೆ ನಿಂತಿರಬೇಕಾಗಿತ್ತು. ಇಲ್ಲಿ ಅವು ತಿರುಚಿಕೊಂಡಿದ್ದವು.

ಇದು ಮೆರ್ಲೋ ಅಲ್ಲ, ಕಾರ್ಮೆನೇರ್ ಎಂದರು ಅವರು.

ತೋಟದವರಿಗೆ ನಂಬುವುದು ಕಷ್ಟವಾಗಿದ್ದರೆ ಆಶ್ಚರ್ಯವಿಲ್ಲ. ಕಾರ್ಮೆನೇರ್ ಎಂಬುದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಫ್ರಾನ್ಸಿನ ತೋಟಗಳಿಂದ ಮರೆಯಾದ ತಳಿ. ಪುಸ್ತಕದಲ್ಲಿ ಹೆಸರಿತ್ತು, ಸಂಶೋಧನಾ ಸಂಗ್ರಹಗಳಲ್ಲಿ ಕೆಲವು ಬಳ್ಳಿಗಳಿದ್ದವು, ಅಷ್ಟೆ. ಅಂಥ ದ್ರಾಕ್ಷಿ ಸಾಗರದಾಚೆಯ ಇನ್ನೊಂದು ಖಂಡದಲ್ಲಿ ಸಾವಿರಾರು ಎಕರೆಯಲ್ಲಿ, ಬೇರೊಂದು ತಳಿಯ ಹೆಸರು ಹೊತ್ತು, ತನ್ನ ಪಾಡಿಗೆ ತಾನು ಬೆಳೆದುಕೊಂಡಿತ್ತು. ಪಾಂಡವರದು ಒಂದೇ ವರ್ಷದ ಅಜ್ಞಾತವಾಸ. ಇದರದು ಒಂದು ಶತಮಾನಕ್ಕೂ ಮೀರಿದ್ದು! ತಮಾಷೆಯೆಂದರೆ ಅದು ಸಿಕ್ಕಿಬಿದ್ದ ತೋಟದ ಹೆಸರೂ ವಿನ್ಯಾ ಕಾರ್ಮೆನ್. ಈ ಹೋಲಿಕೆ ಕೇವಲ ಆಕಸ್ಮಿಕ.

ವೈನ್ ಎಂದ ಕೂಡಲೇ ಹುಬ್ಬೇರಿಸುವ ಹಿರಿಯರಿದ್ದಾರೆ. ಮಕ್ಕಳು ಓದುವ ಪುಟದಲ್ಲಿ ಹಾಗೆ ಹುಬ್ಬೇರಿಸುವುದು ನ್ಯಾಯವೇ. ಆದರೆ ಇಲ್ಲಿನ ಕಥೆ ಸೀಸೆಯದಲ್ಲ, ಬಳ್ಳಿಯದು. ಒಂದು ಗಿಡವನ್ನು ತಪ್ಪು ಹೆಸರಿನಿಂದ ಕರೆದರೆ ಏನಾಗುತ್ತದೆ, ಸರಿಯಾದ ಹೆಸರು ಗೊತ್ತಾದರೆ ರೈತನ ಕೆಲಸ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಸಸ್ಯಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆ ಸಿಗುವುದು ಅಪರೂಪ.

ಬೋರ್ಡೋದ ಬಳ್ಳಿ

ಕಾರ್ಮೆನೇರ್ ತಳಿಯ ತವರು ಫ್ರಾನ್ಸಿನ ನೈಋತ್ಯ ಭಾಗದ ಬೋರ್ಡೋ ಸೀಮೆ. ಈ ಹೆಸರು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಹೊಸದೇನಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಗೊನೆಗಳಿಗೆ ಹೊಡೆಯುವ 'ಬೋರ್ಡೋ ದ್ರಾವಣ' ಹುಟ್ಟಿದ್ದು ಇದೇ ಊರಿನ ದ್ರಾಕ್ಷಿ ತೋಟಗಳಲ್ಲಿ. 1885ರಲ್ಲಿ ಅಲ್ಲಿನ ಪ್ರಾಧ್ಯಾಪಕ ಮಿಲಾರ್ಡೆ ಎಂಬುವರು ದ್ರಾಕ್ಷಿಯ ಬೂಜು ರೋಗಕ್ಕೆ ಮದ್ದಾಗಿ ಅದನ್ನು ಪ್ರಕಟಿಸಿದರು. ಬೂಜು ರೋಗಕ್ಕೆ ಮದ್ದು ಬೇಕಾಯಿತು ಎಂಬುದರಿಂದಲೇ ಬೋರ್ಡೋದ ಹವೆ ಎಂಥದೆಂದು ಊಹಿಸಬಹುದು. ಅಟ್ಲಾಂಟಿಕ್ ಸಾಗರದ ತೇವ, ವಸಂತದಲ್ಲೂ ಬಿಡದ ಚಳಿ ಮಳೆ, ಶರತ್ಕಾಲದಲ್ಲಿ ಮತ್ತೆ ಮಳೆ.

ಕಾರ್ಮೆನೇರ್‌ಗೆ ಈ ತವರೇ ಅಷ್ಟಾಗಿ ಒಗ್ಗುತ್ತಿರಲಿಲ್ಲ ಎಂದರೆ ತಪ್ಪಾಗದು. ಹೂ ಬಿಟ್ಟ ಸಮಯದಲ್ಲಿ ಚಳಿ ಅಥವಾ ಮಳೆ ಬಂದರೆ ಪರಾಗಸ್ಪರ್ಶ ಕೆಡುತ್ತದೆ. ಹೂಗಳು ಕಾಯಿ ಕಟ್ಟದೆ ಉದುರಿ, ಗೊಂಚಲಿನಲ್ಲಿ ಬರೀ ಕಡ್ಡಿ ಉಳಿಯುತ್ತದೆ. ಎಲ್ಲ ದ್ರಾಕ್ಷಿಗೂ ಸ್ವಲ್ಪಮಟ್ಟಿಗೆ ಇರುವ ಈ ದೋಷ ಕಾರ್ಮೆನೇರ್‌ನಲ್ಲಿ ವಿಪರೀತ. ಇನ್ನು ಹಣ್ಣಾಗುವುದೋ, ಬಲು ನಿಧಾನ. ಅಕ್ಕಪಕ್ಕದ ತಳಿಗಳ ಕೊಯ್ಲು ಮುಗಿದರೂ ಇದರ ಕಾಯಿ ಇನ್ನೂ ಒಗರು. ಅಷ್ಟರಲ್ಲಿ ಮಳೆ ಬಂದರೆ ಆ ವರ್ಷದ ಬೆಳೆ ಹೋದಂತೆಯೇ. ಹೀಗಿದ್ದರೂ ಒಳ್ಳೆಯ ವರ್ಷಗಳಲ್ಲಿ ಇದರ ರಸದ ಗಾಢವಾದ ಬಣ್ಣ, ಹದವಾದ ಒಗರಿಗೆ ಮನಸೋತು ಬೋರ್ಡೋದ ರೈತರು ಇದನ್ನು ಬಿಟ್ಟಿರಲಿಲ್ಲ.

'ಕಾರ್ಮೆನೇರ್' ಎಂಬ ಹೆಸರು ಬಂದಿರುವುದು ಫ್ರೆಂಚಿನ 'ಕಾರ್ಮಿನ್', ಅಂದರೆ ಕಡುಗೆಂಪು ಎಂಬ ಪದದಿಂದ ಎನ್ನುತ್ತಾರೆ. ಎಲೆ ಉದುರುವ ಮುಂಚೆ ಬಳ್ಳಿಯೆಲ್ಲ ಕೆಂಪೇರುವುದರಿಂದ ಈ ಹೆಸರು. ಆ ಪದದ ಬೆನ್ನು ಹತ್ತಿ ಹೋದರೆ ಇನ್ನೊಂದು ಸ್ವಾರಸ್ಯವಿದೆ. ಹಳೆಯ ಕಾಲದಲ್ಲಿ ಈ ಕೆಂಪು ಬಣ್ಣವನ್ನು ಪುಟ್ಟ ಕೀಟಗಳನ್ನು ಒಣಗಿಸಿ, ಅರೆದು ತೆಗೆಯುತ್ತಿದ್ದರು. ಬಣ್ಣಕ್ಕೆ ಅರಬ್ಬಿಯಲ್ಲಿದ್ದ 'ಕಿರ್ಮಿಜ್' ಎಂಬ ಹೆಸರಿನ ಹಿಂದೆ ಹುಳು ಎಂಬ ಅರ್ಥದ ಪರ್ಷಿಯನ್ 'ಕಿರ್ಮ್' ಇದೆ. ನಮ್ಮ 'ಕೃಮಿ' ಇದಕ್ಕೆ ದಾಯಾದಿ! ಕೃಮಿಯ ಹೆಸರು ಹೊತ್ತ ಈ ಬಳ್ಳಿಗೆ ಕೊನೆಗೆ ಮೃತ್ಯುವಾಗಿ ಬಂದದ್ದೂ ಒಂದು ಕೀಟವೇ.

ಬೇರಿಗೆ ಬಿದ್ದ ಪೆಟ್ಟು

1863ರ ಸುಮಾರಿಗೆ ದಕ್ಷಿಣ ಫ್ರಾನ್ಸಿನ ರೋನ್ ನದಿಯ ಬಯಲಿನಲ್ಲಿ ದ್ರಾಕ್ಷಿ ಬಳ್ಳಿಗಳು ಕಾರಣವಿಲ್ಲದೆ ಒಣಗತೊಡಗಿದವು. ಒಂದು ಬಳ್ಳಿ, ಮರುವರ್ಷ ಸುತ್ತಲಿನ ಹತ್ತು, ಅದರ ಮರುವರ್ಷ ಇಡೀ ತೋಟ. 1868ರಲ್ಲಿ ಮೋಂಪೆಲಿಯೇ ಪಟ್ಟಣದ ಸಸ್ಯಶಾಸ್ತ್ರಜ್ಞ ಝೂಲ್ ಎಮಿಲ್ ಪ್ಲಾನ್ಶೋನ್ ಮತ್ತು ಸಂಗಡಿಗರು ರೋಗ ಬಿದ್ದ ತೋಟಕ್ಕೆ ಹೋದರು. ಸತ್ತ ಬಳ್ಳಿಗಳನ್ನು ಕಿತ್ತು ನೋಡಿದರು. ಬೇರು ಕೊಳೆತಿತ್ತು, ಆದರೆ ಕಾರಣ ಸಿಗಲಿಲ್ಲ. ಆಮೇಲೆ ಪಕ್ಕದಲ್ಲೇ ಇನ್ನೂ ಹಸಿರಾಗಿದ್ದ ಬಳ್ಳಿಯ ಬೇರನ್ನು ಅಗೆದು ಮಸೂರ ಹಿಡಿದರೆ, ಹಳದಿ ಬಣ್ಣದ ಸಣ್ಣ ಕೀಟಗಳು ಸಾಲುಗಟ್ಟಿ ರಸ ಹೀರುತ್ತಿದ್ದವು! ಬೇರು ಸತ್ತೊಡನೆ ಅವು ಮುಂದಿನ ಬಳ್ಳಿಗೆ ವಲಸೆ ಹೋಗುತ್ತಿದ್ದುದರಿಂದ ಸತ್ತ ಬಳ್ಳಿಯಲ್ಲಿ ಸುಳಿವೇ ಉಳಿಯುತ್ತಿರಲಿಲ್ಲ. ರೋಗದ ಕಾರಣವನ್ನು ಹೆಣದಲ್ಲಿ ಅಲ್ಲ, ಇನ್ನೂ ಬದುಕಿರುವುದರಲ್ಲಿ ಹುಡುಕಬೇಕು ಎಂಬ ಈ ಉಪಾಯ ವಿಜ್ಞಾನದ ವಿದ್ಯಾರ್ಥಿಗಳು ನೆನಪಿಡತಕ್ಕದ್ದು.

ಆ ಕೀಟವೇ ಫಿಲೋಕ್ಸೆರಾ. ಗಾತ್ರ ಒಂದು ಮಿಲಿಮೀಟರ್ ಆಸುಪಾಸು. ಹುಟ್ಟೂರು ಉತ್ತರ ಅಮೆರಿಕ. ಅಲ್ಲಿನ ಕಾಡು ದ್ರಾಕ್ಷಿಗಳು ಎಷ್ಟೋ ಕಾಲದಿಂದ ಅದರೊಂದಿಗೆ ಬದುಕಿ ಕಡಿತವನ್ನು ತಾಳಿಕೊಳ್ಳುವುದನ್ನು ಕಲಿತಿದ್ದವು. ಯೂರೋಪಿನ ಬಳ್ಳಿಗೆ ಅದರ ಪರಿಚಯವೇ ಇರಲಿಲ್ಲ. ಅಮೆರಿಕದಿಂದ ಹಡಗಿನಲ್ಲಿ ತಂದ ಗಿಡಗಳ ಜೊತೆ ಕೀಟವೂ ಬಂದಿಳಿಯಿತು. 1875ರಲ್ಲಿ ಸುಮಾರು 84 ಕೋಟಿ... ಎನ್ನುವಷ್ಟಲ್ಲದಿದ್ದರೂ ಸುಮಾರು 8.4 ಕೋಟಿ ಹೆಕ್ಟೋಲೀಟರ್ ಇದ್ದ ಫ್ರಾನ್ಸಿನ ವೈನ್ ಉತ್ಪಾದನೆ 1889ರ ವೇಳೆಗೆ 2.3 ಕೋಟಿಯ ಆಸುಪಾಸಿಗೆ ಕುಸಿಯಿತು. ಒಂದು ಹೆಕ್ಟೋಲೀಟರ್ ಎಂದರೆ ನೂರು ಲೀಟರ್. ಪರಿಹಾರ ಹೇಳಿದವರಿಗೆ 3 ಲಕ್ಷ ಫ್ರಾಂಕ್ ಬಹುಮಾನವೆಂದು ಸರ್ಕಾರ ಸಾರಿತು. ನಾನಾ ಬಗೆಯ ಸಲಹೆಗಳು ಬಂದವು. ಬಳ್ಳಿಯ ಬುಡದಲ್ಲಿ ಕಪ್ಪೆ ಹೂಳಿದವರೂ ಉಂಟು.

ಕಡೆಗೆ ಕೈಹಿಡಿದದ್ದು ಕಸಿ. ಮಣ್ಣಿನೊಳಗೆ ಅಮೆರಿಕದ ದ್ರಾಕ್ಷಿಯ ಬೇರು, ಅದರ ಮೇಲೆ ಯೂರೋಪಿನ ದ್ರಾಕ್ಷಿಯ ಕುಡಿ. ಬೇರು ಕೀಟವನ್ನು ತಾಳುತ್ತದೆ, ಕುಡಿ ತನ್ನ ಗುಣದ ಹಣ್ಣನ್ನೇ ಕೊಡುತ್ತದೆ. (ಬಹುಮಾನದ ಹಣವನ್ನು ಮಾತ್ರ ಸರ್ಕಾರ ಯಾರಿಗೂ ಕೊಡಲಿಲ್ಲ, ಕಸಿಯಿಂದ ಕೀಟ ಸಾಯುವುದಿಲ್ಲವಲ್ಲ ಎಂಬುದು ಅದರ ವಾದ!) ವಿಜಯಪುರ, ಬಾಗಲಕೋಟೆ ಕಡೆಯ ರೈತರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು. ಅಲ್ಲಿ ನೀರಿನ ಕೊರತೆ ಮತ್ತು ಉಪ್ಪುಮಣ್ಣಿನ ಕಾಟ ತಾಳಲೆಂದು ದ್ರಾಕ್ಷಿಯನ್ನು 'ಡಾಗ್ ರಿಡ್ಜ್' ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಈ ಡಾಗ್ ರಿಡ್ಜ್ ಕೂಡ ಅಮೆರಿಕದ ಟೆಕ್ಸಾಸ್ ಮೂಲದ್ದೇ.

ಫ್ರಾನ್ಸಿನಲ್ಲಿ ತೋಟಗಳನ್ನೆಲ್ಲ ಬುಡಸಮೇತ ಕಿತ್ತು ಹೊಸದಾಗಿ ನೆಡಬೇಕಾಯಿತು. ಸಾಲ ಮಾಡಿ ಹೊಸ ಬಳ್ಳಿ ನೆಡುವ ರೈತ ಯಾವ ತಳಿಯನ್ನು ಆರಿಸಿಕೊಂಡಾನು? ಖಾತ್ರಿಯಾಗಿ ಕಾಯಿ ಕಟ್ಟುವುದನ್ನು, ಬೇಗ ಹಣ್ಣಾಗುವುದನ್ನು. ಮೆರ್ಲೋ, ಕ್ಯಾಬರ್ನೆ ಸೊವಿನ್ಯೋನ್ ತಳಿಗಳು ಬೋರ್ಡೋವನ್ನು ತುಂಬಿದವು. ಹೂ ಉದುರಿಸುವ, ತಡವಾಗಿ ಮಾಗುವ ಕಾರ್ಮೆನೇರ್ ಯಾರಿಗೂ ಬೇಡವಾಯಿತು. ಕೀಟ ಅದನ್ನು ಅರ್ಧ ಕೊಂದಿತು. ಇನ್ನರ್ಧ ಕೊಂದದ್ದು ಮನುಷ್ಯನ ಲೆಕ್ಕಾಚಾರ.

ಚಿಲಿಯಲ್ಲಿ ವೇಷ ಮರೆಸಿ

ಅಷ್ಟರಲ್ಲಿ ಬಳ್ಳಿಯ ಒಂದು ಕವಲು ಸಾಗರ ದಾಟಿ ಆಗಿತ್ತು. 1850ರ ದಶಕದಲ್ಲಿ ಚಿಲಿಯ ಶ್ರೀಮಂತ ಜಮೀನುದಾರರು ಬೋರ್ಡೋದಿಂದ ದ್ರಾಕ್ಷಿ ಕಡ್ಡಿಗಳನ್ನು ತರಿಸಿ ತೋಟ ಮಾಡತೊಡಗಿದ್ದರು. 1851ರಲ್ಲಿ ಸಿಲ್ವೆಸ್ತ್ರೆ ಒಚಗವಿಯಾ ಎಂಬಾತ ಹೀಗೆ ತರಿಸಿದ್ದು ಪ್ರಸಿದ್ಧ. ಆಗಿನ್ನೂ ಫ್ರಾನ್ಸಿಗೆ ಫಿಲೋಕ್ಸೆರಾ ಕಾಲಿಟ್ಟಿರಲಿಲ್ಲ. ಹಾಗಾಗಿ ಹೋದ ಕಡ್ಡಿಗಳು ಶುದ್ಧವಾಗಿದ್ದವು. ಮೆರ್ಲೋ ಕಡ್ಡಿಗಳ ಕಟ್ಟಿನೊಳಗೆ ಕಾರ್ಮೆನೇರ್ ಕಡ್ಡಿಗಳೂ ಸೇರಿಕೊಂಡಿದ್ದವು. ಎಲೆಯಿಲ್ಲದ ಒಣ ಕಡ್ಡಿಯಲ್ಲಿ ಒಂದಕ್ಕೊಂದರ ವ್ಯತ್ಯಾಸ ಹೇಳುವುದು ಸುಲಭವಲ್ಲ.

ದ್ರಾಕ್ಷಿಯನ್ನು ಬೀಜದಿಂದ ಬೆಳೆಸುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಬೀಜದಿಂದ ಬಂದ ಸಸಿ ತಾಯಿಯಂತೆ ಇರುವುದಿಲ್ಲ. ಕಡ್ಡಿ ನೆಟ್ಟು ಬೆಳೆಸಿದ ಬಳ್ಳಿಯಾದರೋ ತಾಯಿಬಳ್ಳಿಯ ಪಡಿಯಚ್ಚು. ಆದ್ದರಿಂದ 1994ರಲ್ಲಿ ಮೈಪೋ ಕಣಿವೆಯಲ್ಲಿ ಹೂ ಬಿಟ್ಟಿದ್ದುದು ಕಾರ್ಮೆನೇರ್‌ನ ಮರಿಮಗುವಲ್ಲ. ಬೋರ್ಡೋದಲ್ಲಿದ್ದ ಅದೇ ಬಳ್ಳಿ, ಬೇರೆ ಮಣ್ಣಿನಲ್ಲಿ.

ಆ ಮಣ್ಣೂ ಹವೆಯೂ ಅದಕ್ಕೆ ಹೇಳಿ ಮಾಡಿಸಿದಂತಿದ್ದವು. ಚಿಲಿಯ ಭೂಪಟ ನೋಡಿದರೆ ಸಂಗತಿ ಅರ್ಥವಾಗುತ್ತದೆ. ಪೂರ್ವಕ್ಕೆ ಆಂಡಿಸ್ ಪರ್ವತಗಳ ಗೋಡೆ, ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ಉತ್ತರಕ್ಕೆ ಅಟಕಾಮ ಮರುಭೂಮಿ, ದಕ್ಷಿಣಕ್ಕೆ ಹಿಮ. ಈ ನಾಲ್ಕು ಕೋಟೆಗಳ ಒಳಗೆ ಫಿಲೋಕ್ಸೆರಾ ಇಂದಿಗೂ ನುಗ್ಗಿಲ್ಲ. ಅಲ್ಲಿನ ಬಳ್ಳಿಗಳಲ್ಲಿ ಬಹುಪಾಲು ಕಸಿಯಿಲ್ಲದೆ ತಮ್ಮದೇ ಬೇರಿನ ಮೇಲೆ ನಿಂತಿವೆ. ಬೋರ್ಡೋ ಉತ್ತರ ಅಕ್ಷಾಂಶ 45 ಡಿಗ್ರಿಯ ಹತ್ತಿರವಿದ್ದರೆ, ಕಾರ್ಮೆನೇರ್‌ಗೆ ಹೆಸರಾದ ಕಚಪೋಆಲ್, ಕೊಲ್ಚಾಗ್ವಾ ಕಣಿವೆಗಳಿರುವುದು ದಕ್ಷಿಣ 34 ಡಿಗ್ರಿಯ ಆಸುಪಾಸಿನಲ್ಲಿ. ಮಳೆ ಬೀಳುವುದು ಚಳಿಗಾಲದಲ್ಲಿ, ಬಳ್ಳಿ ಎಲೆ ಉದುರಿಸಿ ಮಲಗಿರುವಾಗ. ಬೇಸಿಗೆಯಲ್ಲಿ ಆಕಾಶ ನಿರ್ಮಲ. ನೀರು ಬೇಕೆಂದರೆ ಆಂಡಿಸ್‌ನ ಹಿಮ ಕರಗಿ ಬರುವ ಕಾಲುವೆಗಳಿವೆ. ಶರತ್ಕಾಲವೂ ಬಹುಮಟ್ಟಿಗೆ ಒಣ. ನಿಧಾನವಾಗಿ ಮಾಗುವ ಹಣ್ಣಿಗೆ ಬೇಕಾದದ್ದು ಇದೇ ಅಲ್ಲವೇ, ಯಾರೂ ಅವಸರಪಡಿಸದ ಒಂದು ದೀರ್ಘ ಬೇಸಿಗೆ?

ಆದರೆ ಅದು ಕಾರ್ಮೆನೇರ್ ಎಂದು ಯಾರಿಗೂ ಗೊತ್ತಿರಲಿಲ್ಲ. ಚಿಲಿಯ ಮೆರ್ಲೋ ಫ್ರಾನ್ಸಿನ ಮೆರ್ಲೋನಂತಿಲ್ಲ ಎಂಬುದು ಕಂಡಿತ್ತು. ಒಂದೇ ಸಾಲಿನಲ್ಲಿ ಕೆಲವು ಬಳ್ಳಿಗಳು ಹಣ್ಣಾದರೆ ಪಕ್ಕದವು ಇನ್ನೂ ಕಾಯಿ. 'ಇದು ಚಿಲಿಯ ಮೆರ್ಲೋ, ಇಲ್ಲಿನ ನೀರು ಗಾಳಿಗೆ ಹೀಗಾಗಿದೆ' ಎಂದು ಸಮಾಧಾನ ಮಾಡಿಕೊಂಡಿದ್ದರು. ಕಣ್ಣೆದುರಿನ ವ್ಯತ್ಯಾಸಕ್ಕೆ ಸುಲಭದ ಕಾರಣ ಸಿಕ್ಕಿಬಿಟ್ಟರೆ ನಿಜವಾದ ಕಾರಣವನ್ನು ಹುಡುಕುವವರು ಕಡಿಮೆ.

ಎಲೆ ಓದುವ ವಿದ್ಯೆ

ಎಲೆ, ಚಿಗುರು, ಹೂವು, ಗೊಂಚಲು ನೋಡಿ ದ್ರಾಕ್ಷಿಯ ತಳಿ ಗುರುತಿಸುವುದೇ ಒಂದು ಶಾಸ್ತ್ರ. ಆಂಪೆಲೋಗ್ರಫಿ ಎಂದು ಅದರ ಹೆಸರು. ಗ್ರೀಕ್ ಭಾಷೆಯಲ್ಲಿ 'ಆಂಪೆಲೋಸ್' ಎಂದರೆ ದ್ರಾಕ್ಷಿ ಬಳ್ಳಿ. ಇದಕ್ಕೆ ಆಧುನಿಕ ರೂಪ ಕೊಟ್ಟವರು ಮೋಂಪೆಲಿಯೇದ ಪಿಯೆರ್ ಗಾಲೆ. ಎಲೆಯ ನರಗಳ ಉದ್ದ, ನರಗಳ ನಡುವಿನ ಕೋನ, ಅಂಚಿನ ಹಲ್ಲು ಇವನ್ನೆಲ್ಲ ಅಳೆದು ಅವರು ಗುರುತಿಸುವಿಕೆಯನ್ನು ಕ್ರಮಬದ್ಧಗೊಳಿಸಿದರು. ಬೂರ್ಸಿಕೋ ಅವರ ಶಿಷ್ಯರು. ಪ್ಲಾನ್ಶೋನ್ ಕೂಡ ಅದೇ ಊರಿನವರು. ಬಳ್ಳಿಯನ್ನು ಕೊಂದ ಕೀಟವನ್ನು ಹಿಡಿದ ಊರಿನವರೇ 126 ವರ್ಷಗಳ ನಂತರ ಬದುಕಿ ಉಳಿದ ಬಳ್ಳಿಯನ್ನೂ ಪತ್ತೆ ಮಾಡಿದರು.

ಮೆರ್ಲೋ ಮತ್ತು ಕಾರ್ಮೆನೇರ್ ಎಲೆಗಳನ್ನು ಅಕ್ಕಪಕ್ಕ ಇಟ್ಟರೆ, ತಿಳಿದವರ ಕಣ್ಣಿಗೆ ವ್ಯತ್ಯಾಸ ಕಾಣುತ್ತದೆ. ಮೆರ್ಲೋ ಎಲೆಯ ಕೆಳಮೈ ಬೆಳ್ಳಗೆ; ಕಾರ್ಮೆನೇರ್‌ನ ಎಳೆಯ ಎಲೆಗೆ ಕೆಂಪು ಛಾಯೆ. ಮೆರ್ಲೋ ಎಲೆಯ ನಡುವಿನ ಹಾಲೆ ಉದ್ದ. ಹೂವಿನ ಕಾಲದಲ್ಲಾದರೆ ತಿರುಚಿದ ಕೇಸರವೇ ಸಾಕ್ಷಿ. ಇವು ವರ್ಷಕ್ಕೆ ಕೆಲವೇ ದಿನ ಕಾಣುವ ಗುರುತುಗಳು. ಬೂರ್ಸಿಕೋ ಅಂದು ಮೂರು ವಾರ ತಡವಾಗಿ ಬಂದಿದ್ದರೆ ಹೂವೆಲ್ಲ ಉದುರಿ ಹೋಗಿರುತ್ತಿತ್ತು.

ಅವರ ಮಾತನ್ನು ಮುಂದೆ ಡಿ.ಎನ್.ಎ. ಪರೀಕ್ಷೆಯೂ ಎತ್ತಿಹಿಡಿಯಿತು. ಅಷ್ಟೇ ಅಲ್ಲ, ವಂಶವೃಕ್ಷವೂ ಹೊರಬಂತು. ಮೆರ್ಲೋ, ಕಾರ್ಮೆನೇರ್ ಎರಡಕ್ಕೂ ಕ್ಯಾಬರ್ನೆ ಫ್ರಾನ್ ಎಂಬ ಹಳೆಯ ತಳಿಯೇ ಒಂದು ಕಡೆಯ ಪೋಷಕ. ಇನ್ನೊಂದು ಕಡೆಯ ಪೋಷಕರು ಮಾತ್ರ ಬೇರೆ ಬೇರೆ. ಅಂದರೆ ಇವೆರಡು ಅರ್ಧ ಒಡಹುಟ್ಟುಗಳು. ಜಗತ್ತಿನಲ್ಲೆಲ್ಲ ಹರಡಿರುವ ಕ್ಯಾಬರ್ನೆ ಸೊವಿನ್ಯೋನ್ ಕೂಡ ಅದೇ ಕ್ಯಾಬರ್ನೆ ಫ್ರಾನ್‌ನ ಸಂತಾನವೆಂದು 1997ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಪ್ರಕಟಿಸಿದ್ದರು. ಒಂದೇ ಮನೆಯವರನ್ನು ಜನ ಅದಲು ಬದಲು ಮಾಡಿಕೊಂಡದ್ದರಲ್ಲಿ ಅಂಥ ವಿಚಿತ್ರವೇನೂ ಇಲ್ಲ. ಈಶಾನ್ಯ ಇಟಲಿಯಲ್ಲಿ ಕ್ಯಾಬರ್ನೆ ಫ್ರಾನ್ ಎಂದು ಬೆಳೆಯುತ್ತಿದ್ದ ಎಷ್ಟೋ ಬಳ್ಳಿಗಳೂ, ಚೀನಾದಲ್ಲಿ 'ಕ್ಯಾಬರ್ನೆ ಗೆರ್ನಿಷ್ಟ್' ಎಂದು ಕರೆಯುತ್ತಿದ್ದ ದ್ರಾಕ್ಷಿಯೂ ಕಾರ್ಮೆನೇರೇ ಎಂದು ಆಮೇಲೆ ತಿಳಿಯಿತು.

ದೊಣ್ಣೆಮೆಣಸಿನಕಾಯಿಯ ವಾಸನೆ

ಹೆಸರು ಯಾವುದಾದರೇನು, ಹಣ್ಣು ಅದೇ ತಾನೆ ಎಂದು ಕೇಳಬಹುದು. ಇಲ್ಲೇ ಇರುವುದು ವಿಷಯ. ಮೆರ್ಲೋ ಎಂದು ತಿಳಿದ ರೈತ ಮೆರ್ಲೋ ಹಣ್ಣಾಗುವ ಕಾಲಕ್ಕೇ ಎಲ್ಲವನ್ನೂ ಕೊಯ್ಯುತ್ತಿದ್ದ. ಕಾರ್ಮೆನೇರ್ ಹಣ್ಣಾಗಲು ಅದಕ್ಕಿಂತ ಕೆಲವು ವಾರ, ಒಮ್ಮೊಮ್ಮೆ ಒಂದು ತಿಂಗಳೇ ಹೆಚ್ಚು ಬೇಕು. ಹೀಗೆ ವರ್ಷ ವರ್ಷವೂ ಅರ್ಧ ಬೆಳೆ ಕಾಯಿಯಾಗಿರುವಾಗಲೇ ಬುಟ್ಟಿ ಸೇರುತ್ತಿತ್ತು. ಅಂಥ ಹಣ್ಣಿನ ರಸದಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಎದ್ದು ಬರುತ್ತದೆ.

ಇದು ಬರೀ ಹೋಲಿಕೆಯ ಮಾತಲ್ಲ. ಎರಡರಲ್ಲೂ ಇರುವುದು ಒಂದೇ ರಾಸಾಯನಿಕ, ಮೀಥಾಕ್ಸಿಪೈರಜೀನ್ ಗುಂಪಿಗೆ ಸೇರಿದ್ದು. ಒಂದು ಲೀಟರ್ ನೀರಿನಲ್ಲಿ 2 ನ್ಯಾನೊಗ್ರಾಂನಷ್ಟು ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯಬಲ್ಲದು. ನ್ಯಾನೊಗ್ರಾಂ ಎಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು! ಪಕ್ಕದ ಮನೆಯಲ್ಲಿ ದೊಣ್ಣೆಮೆಣಸಿನಕಾಯಿ ಹೆಚ್ಚಿದರೆ ನಮಗೆ ಗೊತ್ತಾಗುವುದು ಇದರಿಂದಲೇ. ಕಾಯಿ ಹಸಿರಾಗಿರುವಾಗ ಈ ವಸ್ತು ಹೆಚ್ಚುತ್ತಾ ಹೋಗಿ, ಬಣ್ಣ ತಿರುಗಿದ ಮೇಲೆ ಇಳಿಯುತ್ತದೆ. ಕಾರ್ಮೆನೇರ್‌ನಲ್ಲಿ ಇದರ ಪ್ರಮಾಣವೂ ಹೆಚ್ಚು, ಇಳಿಯಲು ಬೇಕಾದ ಕಾಲವೂ ಹೆಚ್ಚು. ಇತ್ತ ಸಕ್ಕರೆ ಮಾತ್ರ ಅದಕ್ಕಾಗಿ ಕಾಯುವುದಿಲ್ಲ, ಏರುತ್ತಲೇ ಇರುತ್ತದೆ; ಹುಳಿ ಇಳಿಯುತ್ತದೆ. ಬೇಗ ಕೊಯ್ದರೆ ಹಸಿ ವಾಸನೆ, ಬಹಳ ತಡಮಾಡಿದರೆ ಸಪ್ಪೆ ಸಿಹಿ. ರೈತನ ಜಾಣತನವೆಲ್ಲ ಇವೆರಡರ ನಡುವಿನ ಕೆಲವು ದಿನಗಳನ್ನು ಹಿಡಿಯುವುದರಲ್ಲಿದೆ.

ತಳಿಯ ಹೆಸರು ಖಚಿತವಾದ ಮೇಲೆ ಬೇಸಾಯವೂ ಬದಲಾಯಿತು. ಮಿಶ್ರವಾಗಿದ್ದ ತೋಟಗಳಲ್ಲಿ ಬಳ್ಳಿ ಬಳ್ಳಿಯನ್ನೂ ಗುರುತು ಮಾಡಿ, ಮೆರ್ಲೋವನ್ನು ಮೊದಲು ಕೊಯ್ದು, ಕಾರ್ಮೆನೇರ್ ಗೊಂಚಲುಗಳನ್ನು ಏಪ್ರಿಲ್ ಕೊನೆಯವರೆಗೆ, ಕೆಲವೆಡೆ ಮೇ ತಿಂಗಳವರೆಗೂ ಬಿಟ್ಟರು. ಎಳೆಗಾಯಿ ಇರುವಾಗ ಬಿಸಿಲು ಬಿದ್ದರೆ ಹಸಿ ವಾಸನೆಯ ವಸ್ತು ಕಡಿಮೆ ಕಟ್ಟುತ್ತದೆ. ಆದ್ದರಿಂದ ಗೊಂಚಲ ಸುತ್ತಲಿನ ಎಲೆಗಳನ್ನು ಚಿವುಟಿ ಬೆಳಕು ಬಿಡುತ್ತಾರೆ. ನೀರು ಹೆಚ್ಚಾದರೆ ಬಳ್ಳಿ ಸೊಕ್ಕಿ ಎಲೆಯಾಗಿ ಬೆಳೆಯುತ್ತದೆ, ವಾಸನೆಯೂ ಹೆಚ್ಚುತ್ತದೆ. ಹಾಗಾಗಿ ನೀರು ಅಳೆದು ಕೊಡಬೇಕು. ಹಾಗೆಂದು ಸುಡುವ ಮರಳುನೆಲವೂ ಸಲ್ಲದು. ಸ್ವಲ್ಪ ಜೇಡಿ ಬೆರೆತ, ತೇವ ಹಿಡಿದಿಡುವ ಆಳವಾದ ಮಣ್ಣು ಇದಕ್ಕೆ ಪ್ರಿಯ. ಕಚಪೋಆಲ್ ಕಣಿವೆಯ ಪೆಯೂಮೋ ಎಂಬ ಊರು ಇಂಥ ಮಣ್ಣಿಗೇ ಹೆಸರುವಾಸಿ. ಸವರುವಾಗಲೂ ಎಚ್ಚರ ಬೇಕು: ಕಡ್ಡಿಯ ಬುಡದ ಮೊಗ್ಗುಗಳಲ್ಲಿ ಗೊಂಚಲು ಬರುವುದು ಕಡಿಮೆಯಾದ್ದರಿಂದ ಕಡ್ಡಿಯನ್ನು ಉದ್ದವಾಗಿ ಉಳಿಸಬೇಕಾಗುತ್ತದೆ.

ಸತ್ಯ ಒಪ್ಪಿಕೊಳ್ಳಲು ಚಿಲಿಗೆ ಸ್ವಲ್ಪ ಕಾಲ ಹಿಡಿಯಿತು. ಮೆರ್ಲೋ ಎಂಬ ಹೆಸರಿಗೆ ಹೊರದೇಶಗಳ ಮಾರುಕಟ್ಟೆಯಲ್ಲಿ ಬೆಲೆಯಿತ್ತು. ಕಾರ್ಮೆನೇರ್ ಎಂದರೆ ಕೊಳ್ಳುವವರಿಗೆ ಗೊತ್ತೇ ಇರಲಿಲ್ಲ. ಸರ್ಕಾರಿ ಪಟ್ಟಿಯಲ್ಲೂ ಆ ಹೆಸರಿರಲಿಲ್ಲ. ಆದ್ದರಿಂದ 1996ರಲ್ಲಿ ವಿನ್ಯಾ ಕಾರ್ಮೆನ್ ಸಂಸ್ಥೆ 'ಗ್ರಾಂದ್ ವಿದ್ಯೂರ್' ಎಂಬ ಬೋರ್ಡೋದ ಹಳೆಯ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. 1998ರಲ್ಲಿ ಸರ್ಕಾರ ಕಾರ್ಮೆನೇರ್ ಅನ್ನು ಪ್ರತ್ಯೇಕ ತಳಿಯೆಂದು ಮಾನ್ಯ ಮಾಡಿತು. ಇಂದು ಚಿಲಿಯಲ್ಲಿ ಸುಮಾರು 10 ಸಾವಿರ ಹೆಕ್ಟೇರಿನಲ್ಲಿ ಕಾರ್ಮೆನೇರ್ ಇದೆ. ತವರಾದ ಬೋರ್ಡೋದಲ್ಲಿ ಇರುವುದು ನಾಮಮಾತ್ರಕ್ಕೆ. ಪರದೇಶಕ್ಕೆ ಹೋದ ಮಗಳೇ ಈಗ ಮನೆತನದ ಹೆಸರು ಹೇಳುವವಳು.

ಅಜ್ಞಾತವಾಸ ಮುಗಿದರೂ ಅಪಾಯ ಮುಗಿದಿಲ್ಲ. 2010ರಿಂದೀಚೆಗೆ ಮಧ್ಯ ಚಿಲಿಯನ್ನು ದೀರ್ಘ ಬರಗಾಲ ಕಾಡಿದ್ದು, ಆಂಡಿಸ್‌ನ ಹಿಮದ ನೀರನ್ನೇ ನಂಬಿದ ತೋಟಗಳಿಗೆ ನೀರಿನ ಚಿಂತೆ ಹತ್ತಿದೆ. ಕಸಿಯಿಲ್ಲದೆ ನಿಂತ ಬಳ್ಳಿಗಳಿಗೆ ಫಿಲೋಕ್ಸೆರಾದ ವಿರುದ್ಧ ತಮ್ಮದೇ ರಕ್ಷಣೆಯೂ ಇಲ್ಲ. ಪರ್ವತ, ಸಾಗರ, ಮರುಭೂಮಿಗಳ ಕೋಟೆಯನ್ನು ವಿಮಾನ ಕೆಲವೇ ಗಂಟೆಗಳಲ್ಲಿ ದಾಟುತ್ತದಲ್ಲ! ಅದಕ್ಕಾಗಿಯೇ ಚಿಲಿಗೆ ಹೋಗುವ ಪ್ರತಿಯೊಬ್ಬ ಪ್ರಯಾಣಿಕನೂ ತನ್ನ ಚೀಲದಲ್ಲಿ ಹಣ್ಣು, ಬೀಜ, ಗಿಡದ ತುಂಡು ಏನಾದರೂ ಇದೆಯೇ ಎಂದು ಬರೆದುಕೊಡಬೇಕು. ಸ್ಯಾಂಟಿಯಾಗೋ ವಿಮಾನ ನಿಲ್ದಾಣದಲ್ಲಿ ಕೃಷಿ ಇಲಾಖೆಯ ಸಿಬ್ಬಂದಿ ಚೀಲಗಳನ್ನು ತಪಾಸಣೆ ಮಾಡುತ್ತಾರೆ. ಮರೆತು ಒಂದು ಸೇಬು ಉಳಿಸಿಕೊಂಡವನಿಗೂ ದಂಡ ತಪ್ಪಿದ್ದಲ್ಲ.